ಸ್ಯಾನಿಟೈಸರ್ ಇದ್ದೂ ವಾಂತಿ-ಭೇದಿ ಹರಡುವುದೇಕೆ? ಆಹಾರ ತಯಾರಿಸುವವರಿಗೆ ಹಂತ ಹಂತದ ಮಾರ್ಗದರ್ಶಿ

"ಗೋಡೆಯ ನಾಲ್ಕು ಕಡೆ ಸ್ಯಾನಿಟೈಸರ್ ಹಾಕಿಸಿದ್ದೇವೆ, ಎಲ್ಲರೂ ಹಚ್ಚಿಕೊಳ್ಳುತ್ತಾರೆ. ಆದರೂ ಮೂರೇ ದಿನದಲ್ಲಿ ಅರ್ಧ ಸಿಬ್ಬಂದಿ ಮಲಗಿಬಿಟ್ಟರು." ಈ ಮಾತನ್ನು ಬೇರೆ ಬೇರೆ ಬಾಯಿಂದ ಕೇಳಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ. ಇಂಥ ಅಡುಗೆಮನೆಗಳಲ್ಲಿ ಶ್ರದ್ಧೆಗೆ ಕೊರತೆ ಇರುವುದಿಲ್ಲ, ಖರ್ಚಿಗೂ ಹಿಂಜರಿದಿರುವುದಿಲ್ಲ. ತಪ್ಪಿರುವುದು ಕ್ರಮ. ಕೊನೆಗೆ ಮಾಡಬೇಕಾದದ್ದನ್ನು ಮೊದಲು ಮಾಡಿ, ಮೊದಲು ಮಾಡಬೇಕಾದದ್ದನ್ನು ಬಿಟ್ಟೇಬಿಟ್ಟಿರುತ್ತಾರೆ. ಕೆಳಗಿನ ಹಂತಗಳನ್ನು ಹಿಂದುಮುಂದು ಮಾಡದೆ ಇದೇ ಅನುಕ್ರಮದಲ್ಲಿ ಜಾರಿಗೆ ತನ್ನಿ.

## ಶುರುಮಾಡುವ ಮುನ್ನ: ಸ್ಯಾನಿಟೈಸರ್ ಎಲ್ಲಿ ಸೋಲುತ್ತದೆ?

ಹೋಟೆಲು, ಕ್ಯಾಂಟೀನು, ಹಾಸ್ಟೆಲುಗಳಲ್ಲಿ ಇದ್ದಕ್ಕಿದ್ದಂತೆ ಹಲವರಿಗೆ ಒಟ್ಟಿಗೆ ವಾಂತಿ-ಭೇದಿ ಹಿಡಿದರೆ ಮೊದಲು ಅನುಮಾನಿಸಬೇಕಾದದ್ದು ನೊರೊವೈರಸ್ ಎಂಬ ಹೊಟ್ಟೆಯ ವೈರಾಣುವನ್ನು. ಆಲ್ಕೋಹಾಲ್ ಇರುವ ಸ್ಯಾನಿಟೈಸರ್ ಅನೇಕ ವೈರಾಣುಗಳನ್ನು ಕೊಲ್ಲುವುದು ಅವುಗಳ ಮೈಮೇಲಿನ ಕೊಬ್ಬಿನ ಪೊರೆಯನ್ನು ಕರಗಿಸಿ. ನೊರೊವೈರಸ್‌ಗೆ ಆ ಪೊರೆಯೇ ಇಲ್ಲ. ಅದರ ಹೊರಮೈ ಗಟ್ಟಿಯಾದ ಪ್ರೋಟೀನ್ ಚಿಪ್ಪು. ಹಾಗಾಗಿ ಜ್ವರ-ನೆಗಡಿಯ ಕಾಲದಲ್ಲಿ ನಂಬಿದ ಬಾಟಲಿ ಇಲ್ಲಿ ಅರ್ಧಂಬರ್ಧ ಕೆಲಸ ಮಾಡುತ್ತದೆ. ಕೈಯಲ್ಲಿ ಜಿಡ್ಡೋ ಹಿಟ್ಟೋ ಇದ್ದರೆ ಆ ಅರ್ಧವೂ ಇಲ್ಲ.

ಇನ್ನೊಂದು ಸಂಗತಿ, ಇದರ ಪ್ರಮಾಣ. ಒಬ್ಬರನ್ನು ಮಲಗಿಸಲು ನೂರಕ್ಕೂ ಕಡಿಮೆ ವೈರಾಣು ಕಣಗಳು ಸಾಕು. ರೋಗಿಯ ದೇಹದಿಂದ ಹೊರಬೀಳುವುದಾದರೋ ಕೋಟಿಕೋಟಿ ಲೆಕ್ಕದಲ್ಲಿ. "ತೊಂಬತ್ತು ಭಾಗ ಹೋಯಿತು, ಇನ್ನು ಹತ್ತು ಭಾಗ ಇದ್ದರೆ ಏನಾದೀತು" ಎನ್ನುವ ಸಮಾಧಾನಕ್ಕೆ ಇಲ್ಲಿ ಜಾಗವಿಲ್ಲ.

## ಬೇಕಾಗುವ ಸಾಮಗ್ರಿ

ಕೈ ತೊಳೆಯಲಿಕ್ಕೆಂದೇ ಮೀಸಲಾದ ಒಂದು ಸಿಂಕ್, ದ್ರವ ಸೋಪು, ಪೇಪರ್ ಟವೆಲ್, ಕಾಲಿನಿಂದ ತೆರೆಯುವ ಕಸದ ಡಬ್ಬ. ಒಮ್ಮೆ ಬಳಸಿ ಎಸೆಯುವ ಕೈಗವಸು, ಮಾಸ್ಕ್ ಮತ್ತು ಏಪ್ರನ್. ಸುಗಂಧ ಸೇರಿಸದ ಸಾದಾ ಬ್ಲೀಚ್ ದ್ರಾವಣ, ಅಳತೆಯ ಲೋಟ, ಗುರುತು ಹಾಕಿದ ಬಕೆಟ್. ಗಟ್ಟಿ ಪ್ಲಾಸ್ಟಿಕ್ ಚೀಲಗಳು, ಬಿಸಾಡಬಹುದಾದ ರಟ್ಟಿನ ತುಂಡುಗಳು. ಕಡೆಯದಾಗಿ ಒಂದು ನೋಟ್‌ಬುಕ್ ಮತ್ತು ಪೆನ್ನು. ಇವೆರಡನ್ನು ಎಲ್ಲರೂ ಮರೆಯುತ್ತಾರೆ, ಕೊನೆಯ ಹಂತದಲ್ಲಿ ಪೇಚಾಡುತ್ತಾರೆ.

## ಹಂತ 1: ಬಾಟಲಿಯ ಜಾಗ ಬದಲಿಸಿ

ಅಡುಗೆಮನೆಯ ಬಾಗಿಲಲ್ಲಿ ಒಂದು ಕ್ಷಣ ನಿಂತು ನೋಡಿ. ಒಳಗೆ ಬರುವವರಿಗೆ ಮೊದಲು ಎಟುಕುವುದು ಯಾವುದು, ನಲ್ಲಿಯೋ ಸ್ಯಾನಿಟೈಸರೋ? ಕೆಲಸದ ಒತ್ತಡದಲ್ಲಿ ಮನುಷ್ಯ ಹತ್ತಿರದ್ದನ್ನೇ ಆರಿಸಿಕೊಳ್ಳುತ್ತಾನೆ. ಒಂದು ಒತ್ತು, ಎರಡು ಉಜ್ಜು, ಮುಗಿಯಿತು. ನಲ್ಲಿಗೆ ಹತ್ತು ಹೆಜ್ಜೆ ಹೋಗಿ ಇಪ್ಪತ್ತು ಸೆಕೆಂಡು ನಿಲ್ಲುವ ತಾಳ್ಮೆ ಆ ಹೊತ್ತಿನಲ್ಲಿ ಯಾರಿಗೂ ಇರುವುದಿಲ್ಲ.

ಆದ್ದರಿಂದ ಬಾಟಲಿಯನ್ನು ಬಾಗಿಲಿನಿಂದ ತೆಗೆದು ಸಿಂಕ್‌ನ ಆಚೆ ಬದಿಗೆ, ಪೇಪರ್ ಟವೆಲ್ ದಾಟಿದ ಮೇಲೆ ಸಿಗುವಂತೆ ಇಡಿ. ಕೈ ತೊಳೆದು ಒರೆಸಿಕೊಂಡವರಿಗೆ ಮಾತ್ರ ಅದು ಎಟುಕಬೇಕು. ಒಲೆಯ ಹತ್ತಿರವಂತೂ ಬೇಡವೇ ಬೇಡ, ಆಲ್ಕೋಹಾಲ್ ಬೆಂಕಿ ಹಿಡಿಯುವ ವಸ್ತು.

ಸಿಂಕ್ ಖಾಲಿ ಇರಲಿ. ಅದರಲ್ಲಿ ತರಕಾರಿಯ ಬುಟ್ಟಿ, ನೆನೆಹಾಕಿದ ಪಾತ್ರೆ, ಮಾಪ್ ಹಿಂಡಿದ ನೀರು ಕಂಡರೆ ಅದು ಕೈ ತೊಳೆಯುವ ಸಿಂಕ್ ಅಲ್ಲ, ಸೋಂಕು ಹಂಚುವ ಸಿಂಕ್.

## ಹಂತ 2: ಕೈ ತೊಳೆಯುವುದನ್ನು ಮೊದಲಿನಿಂದ ಕಲಿಸಿ

ಎಲ್ಲಕ್ಕಿಂತ ಹೆಚ್ಚು ಸಮಯವನ್ನು ಇದಕ್ಕೇ ಕೊಡಿ. ಸೋಪು ನೊರೊವೈರಸ್ ಅನ್ನು ಕೊಲ್ಲುವುದಿಲ್ಲ ಎಂದು ಹೇಳಿದರೆ ಹಲವರು ಹುಬ್ಬೇರಿಸುತ್ತಾರೆ. ಅದು ಮಾಡುವುದು ಬೇರೆ ಕೆಲಸ: ಚರ್ಮದ ಜಿಡ್ಡಿಗೆ ಅಂಟಿ ಕುಳಿತ ಕಣಗಳನ್ನು ಎಬ್ಬಿಸುತ್ತದೆ. ಎದ್ದದ್ದನ್ನು ಕೊಚ್ಚಿಕೊಂಡು ಹೋಗುವುದು ಹರಿಯುವ ನೀರು. ಹಾಗಾಗಿ ಉಜ್ಜುವುದು ಎಷ್ಟು ಮುಖ್ಯವೋ ಜಾಲಿಸುವುದೂ ಅಷ್ಟೇ ಮುಖ್ಯ. ಬೋಗುಣಿಯಲ್ಲಿ ನಿಂತ ನೀರಿಗೆ ಕೈ ಅದ್ದಿ ತೆಗೆದರೆ ಒಬ್ಬರ ಕೈಯಿಂದ ಬಿಟ್ಟದ್ದು ಇನ್ನೊಬ್ಬರ ಕೈಗೆ ಹತ್ತುತ್ತದೆ, ಅಷ್ಟೇ.

ಕ್ರಮ ಹೀಗಿದೆ. ಉಂಗುರ, ಬಳೆ, ಗಡಿಯಾರ ತೆಗೆದಿಡಬೇಕು. ಮೊದಲು ಕೈ ಒದ್ದೆ ಮಾಡಿ, ಆಮೇಲೆ ಸೋಪು ಹಾಕಿಕೊಳ್ಳಬೇಕು. ಅಂಗೈ, ಮುಂಗೈ, ಬೆರಳ ಸಂದು, ಹೆಬ್ಬೆರಳ ಬುಡ, ಉಗುರಿನ ಅಡಿ, ಮಣಿಕಟ್ಟು, ಇವನ್ನೆಲ್ಲ ಕನಿಷ್ಠ 20 ಸೆಕೆಂಡು ಉಜ್ಜಬೇಕು. ಹರಿಯುವ ನೀರಿನಲ್ಲಿ ನೊರೆ ಪೂರ್ತಿ ಹೋಗುವವರೆಗೆ ಜಾಲಿಸಬೇಕು. ಪೇಪರ್ ಟವೆಲ್‌ನಿಂದ ಒತ್ತಿ ಒರೆಸಿ, ಅದೇ ಟವೆಲ್‌ನಿಂದ ನಲ್ಲಿ ತಿರುಗಿಸಿ, ಬಾಗಿಲ ಹಿಡಿಯನ್ನೂ ಅದರಿಂದಲೇ ಹಿಡಿದು ತೆರೆದು, ಆಮೇಲೆ ಬಿಸಾಡಬೇಕು. ತೊಳೆದ ಕೈಯಿಂದ ಕೊಳೆಯಾದ ನಲ್ಲಿಯನ್ನು ಮುಟ್ಟಿದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ ಮಾಡಿದ ಹಾಗೆ.

ನೀರು ಕೊತಕೊತ ಬಿಸಿಯಿರಬೇಕಿಲ್ಲ. ಕೈ ತಾಳುವ ಬಿಸಿ ನೀರು ಈ ವೈರಾಣುವನ್ನು ಕೊಲ್ಲುವುದಿಲ್ಲ. ಉಗುರುಬೆಚ್ಚಗಿದ್ದರೆ ಜನ ಸ್ವಲ್ಪ ಹೊತ್ತು ನಿಲ್ಲುತ್ತಾರೆ, ಲಾಭ ಅದೊಂದೇ.

ಕಲಿಸುವಾಗ ಒಂದು ಸಣ್ಣ ಪ್ರಯೋಗ ಮಾಡಿಸಿ. ಸಿಬ್ಬಂದಿಯ ಎರಡೂ ಕೈಗೆ ನೀರಿನಲ್ಲಿ ಕರಗುವ ಬಣ್ಣ ಬಳಿದು ಒಣಗಲು ಬಿಡಿ. ಕಣ್ಣಿಗೆ ಬಟ್ಟೆ ಕಟ್ಟಿ, ಎಂದಿನಂತೆ ಕೈ ತೊಳೆಯಲು ಹೇಳಿ. ಬಟ್ಟೆ ಬಿಚ್ಚಿದಾಗ ಅಂಗೈ ಲಕಲಕ ಹೊಳೆಯುತ್ತಿರುತ್ತದೆ. ಬಣ್ಣ ಉಳಿದಿರುವುದು ಹೆಬ್ಬೆರಳ ಬೆನ್ನಿನಲ್ಲಿ, ಕಿರುಬೆರಳ ಹೊರಬದಿಯಲ್ಲಿ, ಉಗುರಿನ ಅಂಚಿನಲ್ಲಿ. ಒಬ್ಬ ಹಿರಿಯ ಅಡುಗೆಯವರು ತಮ್ಮ ಬೆರಳ ತುದಿಗಳನ್ನೇ ದಿಟ್ಟಿಸಿ, "ಉಪ್ಪು ನೋಡುವುದು ಇದೇ ಬೆರಳಿನಲ್ಲಿ" ಎಂದು ಮೆಲ್ಲಗೆ ಹೇಳಿದ್ದು ನನಗೆ ನೆನಪಿದೆ. ಗೋಡೆಗೆ ಅಂಟಿಸಿದ ಹತ್ತು ಚಿತ್ರಪಟಗಳು ಮಾಡದ ಕೆಲಸವನ್ನು ಆ ಬಣ್ಣ ಮಾಡಿತು.

ಯಾವಾಗ ತೊಳೆಯಬೇಕು? ಕೆಲಸಕ್ಕೆ ಬಂದೊಡನೆ. ಶೌಚಾಲಯದಿಂದ ಬಂದಾಗ ಎರಡು ಸಲ, ಅಲ್ಲೊಮ್ಮೆ, ಅಡುಗೆಮನೆ ಹೊಕ್ಕ ಮೇಲೆ ಇನ್ನೊಮ್ಮೆ. ಮುಖ, ಮೂಗು, ಮೊಬೈಲ್ ಮುಟ್ಟಿದ ಮೇಲೆ, ಎಂಜಲು ತಟ್ಟೆ ಎತ್ತಿದ ಮೇಲೆ, ಕಸ ಹಾಕಿದ ಮೇಲೆ. ಕೈಗವಸು ತೊಡುವ ಮುನ್ನ.

ಎಚ್ಚರಿಕೆಯ ಗುರುತು: ಸೋಪು ಖರ್ಚಾಗದಿರುವುದು. ಒಂದು ಒತ್ತಿಗೆ ಸುಮಾರು 1 ಮಿ.ಲೀ. ಬರುತ್ತದೆ ಎಂದಿಟ್ಟುಕೊಳ್ಳಿ. ಹತ್ತು ಜನ ದಿನಕ್ಕೆ ಹತ್ತು ಸಲ ತೊಳೆದರೆ 100 ಮಿ.ಲೀ. ಆಯಿತು. ಅಂದರೆ ಅರ್ಧ ಲೀಟರಿನ ಬಾಟಲಿ ಐದು ದಿನದಲ್ಲಿ ಮುಗಿಯಬೇಕು. ಮೂರು ವಾರವಾದರೂ ಅದೇ ಬಾಟಲಿ ಇದೆಯೆಂದರೆ ನಿಮ್ಮಲ್ಲಿ ಕೈ ತೊಳೆಯುವುದು ಕಾಟಾಚಾರಕ್ಕೆ ಮಾತ್ರ. ಕ್ಯಾಮೆರಾ ಬೇಕಿಲ್ಲ, ಬಾಟಲಿಯ ಮೇಲೆ ತೆರೆದ ದಿನಾಂಕ ಬರೆದರೆ ಸಾಕು.

## ಹಂತ 3: ಸ್ಯಾನಿಟೈಸರ್‌ಗೆ ಅದರ ಪಾಲಿನ ಕೆಲಸವನ್ನಷ್ಟೇ ಕೊಡಿ

ತೊಳೆದು ಒಣಗಿಸಿದ ಕೈಗೆ ಮೇಲಿಂದ ಹಚ್ಚಿಕೊಳ್ಳುವುದಾದರೆ ಹಚ್ಚಿಕೊಳ್ಳಲಿ. ಕನಿಷ್ಠ 60% ಆಲ್ಕೋಹಾಲ್ ಇರುವುದನ್ನೇ ಕೊಳ್ಳಿ. ಕೈ ತಾನಾಗಿ ಒಣಗುವವರೆಗೆ ಉಜ್ಜಬೇಕು. ಏಪ್ರನ್‌ಗೆ ಒರೆಸಿಕೊಂಡರೆ ಹಚ್ಚಿದ್ದೂ ಒಂದೇ ಬಿಟ್ಟದ್ದೂ ಒಂದೇ. ಬಡಿಸುವ ಜಾಗದಲ್ಲಿ, ನೀರಿಲ್ಲದ ಕಡೆ, ಗ್ರಾಹಕರಿಗಾಗಿ ಇಡುವುದಕ್ಕೆ ನನ್ನ ತಕರಾರಿಲ್ಲ. ಅಡುಗೆಮನೆಯಲ್ಲಿ ತೊಳೆಯುವುದರ ಬದಲಿಗೆ ಅದು ಬಂತೋ, ಅಲ್ಲಿಗೆ ಕೆಟ್ಟಿತು.

## ಹಂತ 4: ಕೈಗವಸು ಎರಡನೆಯ ಚರ್ಮ, ಅದೂ ಕೊಳೆಯಾಗುತ್ತದೆ

ನೇರವಾಗಿ ತಿನ್ನುವ ಪದಾರ್ಥವನ್ನು, ಅಂದರೆ ಹೆಚ್ಚಿದ ಹಣ್ಣು, ಸಲಾಡ್, ಬ್ರೆಡ್, ಬೇಯಿಸಿ ಮುಗಿದ ಖಾದ್ಯವನ್ನು ಬರಿಗೈಯಲ್ಲಿ ಮುಟ್ಟಬಾರದು. ಇಕ್ಕಳ, ಚಮಚ ಅಥವಾ ಕೈಗವಸು ಬೇಕು. ಮಂಜುಗಡ್ಡೆಯೂ ಆಹಾರವೇ ಎಂಬುದು ಬಹಳ ಜನಕ್ಕೆ ಹೊಳೆಯುವುದಿಲ್ಲ. ಲೋಟದಿಂದಲೋ ಕೈಯಿಂದಲೋ ಮೊಗೆಯುತ್ತಾರೆ. ಅದಕ್ಕೊಂದು ಹಿಡಿಯಿರುವ ಮೊಗೆಯುವ ಚಮಚ ಇಡಿ, ಅದನ್ನು ಮಂಜುಗಡ್ಡೆಯೊಳಗೆ ಹೂತಿಡದೆ ಹೊರಗೆ ಇಡಿ. ಘನೀಭವಿಸಿದರೆ ನೊರೊವೈರಸ್ ಸಾಯುವುದಿಲ್ಲ.

ಸಾಮಾನ್ಯ ತಪ್ಪು ಇದು: ಕೈಗವಸು ತೊಟ್ಟವರು ಅದರಲ್ಲೇ ದುಡ್ಡು ಎಣಿಸಿ, ಫೋನ್ ಎತ್ತಿ, ಮತ್ತೆ ಬ್ರೆಡ್ ಮುಟ್ಟುವುದು. ಅದಕ್ಕಿಂತ ಕೆಟ್ಟದ್ದು ಕೈಗವಸಿನ ಮೇಲೆಯೇ ಸ್ಯಾನಿಟೈಸರ್ ಉಜ್ಜಿ "ಶುದ್ಧವಾಯಿತು" ಎಂದುಕೊಳ್ಳುವುದು. ಕೆಲಸ ಬದಲಾದಾಗ ಕೈಗವಸೂ ಬದಲಾಗಬೇಕು, ನಡುವೆ ಕೈ ತೊಳೆಯಬೇಕು.

## ಹಂತ 5: ಹುಷಾರಿಲ್ಲದವರನ್ನು ಮನೆಗೆ ಕಳುಹಿಸಿ, 48 ಗಂಟೆ ಎಣಿಸಿ

ಮೇಲಿನ ನಾಲ್ಕೂ ಹಂತಗಳನ್ನು ಚೆನ್ನಾಗಿ ಮಾಡಿದವರು ಎಡವುವುದು ಇಲ್ಲಿ. ವಾಂತಿ ಅಥವಾ ಭೇದಿ ಇರುವವರು ಅಡುಗೆಮನೆಯಲ್ಲಿ ಒಂದು ನಿಮಿಷವೂ ಇರಬಾರದು. ಕೊನೆಯ ವಾಂತಿ, ಕೊನೆಯ ಭೇದಿ ಆಗಿ ಕನಿಷ್ಠ 48 ಗಂಟೆ ಕಳೆದ ಮೇಲೆಯೇ ಬರಬೇಕು. ಎಣಿಕೆ ಶುರುವಾಗುವುದು ಕಾಯಿಲೆ ನಿಂತ ಗಳಿಗೆಯಿಂದ, ರಜೆ ಹಾಕಿದ ದಿನದಿಂದ ಅಲ್ಲ. ಕಾಯಿಲೆ ಒಂದರಿಂದ ಮೂರು ದಿನದಲ್ಲಿ ಇಳಿಯುತ್ತದೆ, ಆದರೆ ಗುಣವಾದ ಮೇಲೂ ಎರಡು ವಾರ ಅಥವಾ ಅದಕ್ಕೂ ಹೆಚ್ಚು ಕಾಲ ಮಲದಲ್ಲಿ ವೈರಾಣು ಹೋಗುತ್ತಿರಬಹುದು. ಹಾಗಾಗಿ ಮರಳಿ ಬಂದವರಿಗೆ ಮೊದಲ ಕೆಲವು ದಿನ ಆಹಾರ ಮುಟ್ಟದ ಕೆಲಸ ಕೊಡಿ, ಅವರ ಕೈತೊಳೆತದ ಮೇಲೆ ಒಂದು ಕಣ್ಣಿರಲಿ.

ಇಷ್ಟು ಹೇಳುವುದು ಸುಲಭ. ಸಿಬ್ಬಂದಿ ಕಾಯಿಲೆ ಮುಚ್ಚಿಡುವುದು ಹಟದಿಂದಲ್ಲ, ದಿನದ ಕೂಲಿ ಹೋಗುತ್ತದೆ ಎಂಬ ಭಯದಿಂದ. "ಬೆಳಿಗ್ಗೆ ಒಂದೇ ಸಲ ಆಯಿತು, ಈಗ ಆರಾಮಾಗಿದೆ ಸಾರ್" ಎನ್ನುವ ಹುಡುಗನ ಮುಖ ಬಿಳಿಚಿಕೊಂಡಿರುತ್ತದೆ, ಕೈ ಹಿಟ್ಟಿನಲ್ಲಿರುತ್ತದೆ. ಎರಡು ದಿನದ ಕೂಲಿ ಕೊಟ್ಟು ಅವನನ್ನು ಮನೆಗೆ ಕಳುಹಿಸುವ ಮಾಲೀಕ ಉದಾರಿಯಲ್ಲ, ಲೆಕ್ಕ ಬಲ್ಲವನು. ಇಡೀ ಅಡುಗೆಮನೆ ಮುಚ್ಚಿದರೆ ಆಗುವ ನಷ್ಟದ ಮುಂದೆ ಅದು ಏನೇನೂ ಅಲ್ಲ.

ಪ್ರತಿದಿನ ಕೆಲಸ ಶುರುವಾಗುವಾಗ ಎರಡೇ ಪ್ರಶ್ನೆ ಕೇಳಿ: ನಿನ್ನೆಯಿಂದ ವಾಂತಿ ಅಥವಾ ಭೇದಿ ಆಗಿದೆಯೇ? ಮನೆಯಲ್ಲಿ ಯಾರಿಗಾದರೂ ಆಗಿದೆಯೇ? ಎಲ್ಲರೆದುರು ಬೇಡ, ಬದಿಗೆ ಕರೆದು ಕೇಳಿ. ಚರ್ಮ ಅಥವಾ ಕಣ್ಣು ಹಳದಿಯಾಗಿದ್ದರೆ ಅದು ಬೇರೆ ಕಾಯಿಲೆ, ಆಹಾರದ ಮೂಲಕ ಅದೂ ಹರಡಬಹುದು. ಅವರನ್ನು ಕೂಡಲೇ ವೈದ್ಯರ ಬಳಿ ಕಳುಹಿಸಿ.

## ಹಂತ 6: ಬ್ಲೀಚ್ ದ್ರಾವಣವನ್ನು ಅಳೆದು ತಯಾರಿಸಿ

ಮೇಜು, ಬಾಗಿಲ ಹಿಡಿ, ನಲ್ಲಿ, ಫ್ರಿಜ್‌ನ ಹಿಡಿಗಳ ಮೇಲೆ ಈ ವೈರಾಣು ದಿನಗಟ್ಟಲೆ ಜೀವ ಹಿಡಿದಿರುತ್ತದೆ. ಸುವಾಸನೆಯ ಸಾಮಾನ್ಯ ಸ್ಪ್ರೇಗಳು ಇದಕ್ಕೆ ಸಾಲವು. ಬೇರೆ ಸೋಂಕುನಿವಾರಕ ಕೊಳ್ಳುವುದಾದರೆ ಲೇಬಲ್‌ನಲ್ಲಿ ನೊರೊವೈರಸ್ ಹೆಸರು ಇದೆಯೇ ನೋಡಿ, ಇಲ್ಲವಾದರೆ ಬಿಡಿ. ನಂಬಬಹುದಾದದ್ದು ಕ್ಲೋರಿನ್ ಬ್ಲೀಚ್, ಅದೂ 1000ರಿಂದ 5000 ಪಿಪಿಎಂ (ಹತ್ತು ಲಕ್ಷ ಭಾಗ ದ್ರಾವಣದಲ್ಲಿ ಇಷ್ಟು ಭಾಗ ಕ್ಲೋರಿನ್) ಪ್ರಮಾಣದಲ್ಲಿ.

ಕೆಳಗಿನ ಲೆಕ್ಕ 5% ಬ್ಲೀಚ್‌ಗೆ. ನಿಮ್ಮ ಬಾಟಲಿಯ ಮೇಲಿನ ಅಂಕಿ ನೋಡಿ ಹೊಂದಿಸಿಕೊಳ್ಳಿ:

- ಬಾಗಿಲ ಹಿಡಿ, ನಲ್ಲಿ, ಮೇಜಿನಂಥ ನುಣುಪು ಮೇಲ್ಮೈಗೆ 1000 ಪಿಪಿಎಂ: 980 ಮಿ.ಲೀ. ನೀರಿಗೆ 20 ಮಿ.ಲೀ. ಬ್ಲೀಚ್.
- ವಾಂತಿ ಅಥವಾ ಮಲ ಬಿದ್ದ ಜಾಗಕ್ಕೆ 5000 ಪಿಪಿಎಂ: 900 ಮಿ.ಲೀ. ನೀರಿಗೆ 100 ಮಿ.ಲೀ. ಬ್ಲೀಚ್.

ತಣ್ಣೀರಿನಲ್ಲೇ ಬೆರೆಸಿ. ಅಂದಂದಿನದನ್ನು ಅಂದಂದೇ ಮಾಡಿ, ನಿನ್ನೆಯ ದ್ರಾವಣ ಚೆಲ್ಲಿ. ಆಸಿಡ್ ಇರುವ ಶೌಚಾಲಯದ ಕ್ಲೀನರ್ ಅಥವಾ ಅಮೋನಿಯಾ ಇರುವ ದ್ರವದ ಜೊತೆ ಎಂದೂ ಬೆರೆಸಬೇಡಿ, ವಿಷಾನಿಲ ಏಳುತ್ತದೆ. ಕಿಟಕಿ ತೆರೆದಿರಲಿ, ಕೈಗವಸು ಇರಲಿ.

ಹಚ್ಚುವ ಕ್ರಮವನ್ನೂ ಗಮನಿಸಿ. ಮೊದಲು ಸೋಪು ನೀರಿನಿಂದ ಕೊಳೆ, ಜಿಡ್ಡು ತೆಗೆಯಬೇಕು. ಆಮೇಲೆ ಬ್ಲೀಚ್ ಹಚ್ಚಿ ಕನಿಷ್ಠ 5 ನಿಮಿಷ ಆ ಜಾಗ ಒದ್ದೆಯಾಗಿಯೇ ಇರಬೇಕು. ಆಹಾರ ತಾಗುವ ಜಾಗವಾದರೆ ಕೊನೆಗೆ ಶುದ್ಧ ನೀರಿನಿಂದ ತೊಳೆಯಬೇಕು. ಕೊಳೆಯ ಮೇಲೆಯೇ ಸುರಿದರೆ ಕ್ಲೋರಿನ್ ಎಲ್ಲ ಕೊಳೆಯೊಡನೆ ಸೆಣಸಿ ಮುಗಿದುಹೋಗುತ್ತದೆ, ವೈರಾಣುವಿನವರೆಗೆ ತಲುಪುವುದಿಲ್ಲ. ಹಚ್ಚಿದ ಕೂಡಲೇ ಒರೆಸಿಬಿಡುವುದು ಇನ್ನೊಂದು ತಪ್ಪು. ಗಡಿಯಾರ ನೋಡದೆ ಐದು ನಿಮಿಷ ಕಾದವರನ್ನು ನಾನು ಇದುವರೆಗೆ ಕಂಡಿಲ್ಲ, ಆದ್ದರಿಂದ ಟೈಮರ್ ಇಟ್ಟುಕೊಳ್ಳಿ.

ದಿನವಿಡೀ ಒಂದೇ ಬಟ್ಟೆಯಿಂದ ಎಲ್ಲ ಮೇಜು ಒರೆಸುವುದನ್ನು ನಿಲ್ಲಿಸಿ. ಶುಚಿ ಮಾಡುವ ಬಟ್ಟೆಯೇ ಸೋಂಕನ್ನು ಮೇಜಿನಿಂದ ಮೇಜಿಗೆ ಹೊತ್ತರೆ ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

## ಹಂತ 7: ಯಾರಾದರೂ ವಾಂತಿ ಮಾಡಿಕೊಂಡರೆ

ಈ ಹೊತ್ತಿನಲ್ಲಿ ಎಲ್ಲರೂ ಗಾಬರಿಗೆ ಬಿದ್ದು ಕೈಗೆ ಸಿಕ್ಕ ಮಾಪ್ ಹಿಡಿದು ಓಡುತ್ತಾರೆ. ಬೇಕಾದ ಸಾಮಾನನ್ನೆಲ್ಲ ಮುಂಚೆಯೇ ಒಂದು ಡಬ್ಬದಲ್ಲಿ ತುಂಬಿಟ್ಟು, ಅದು ಎಲ್ಲಿದೆ ಎಂದು ಎಲ್ಲರಿಗೂ ತಿಳಿಸಿರಿ. ವಾಂತಿಯ ಸೂಕ್ಷ್ಮ ಹನಿಗಳು ಗಾಳಿಯಲ್ಲಿ ಹಾರಿ ಕಣ್ಣಿಗೆ ಕಾಣದಷ್ಟು ದೂರ ಹೋಗುತ್ತವೆ. ಅದಕ್ಕೇ ಸುತ್ತಲಿನ ಏಳೂವರೆ ಮೀಟರ್ ಜಾಗವನ್ನು ಸೋಂಕು ತಗುಲಿದೆ ಎಂದೇ ಭಾವಿಸಿ.

1. ಜನರನ್ನು ದೂರ ಕಳುಹಿಸಿ, ಫ್ಯಾನ್ ಆರಿಸಿ, ಕಿಟಕಿ ತೆರೆಯಿರಿ. ಆಹಾರ ಮುಟ್ಟದ ಒಬ್ಬರೇ ಈ ಕೆಲಸ ಮಾಡಲಿ.
2. ಕೈಗವಸು, ಮಾಸ್ಕ್, ಏಪ್ರನ್ ತೊಡಿ.
3. ಆ ವಲಯದಲ್ಲಿ ತೆರೆದಿದ್ದ ಆಹಾರ, ನೀರು, ಮಂಜುಗಡ್ಡೆ ಎಲ್ಲವನ್ನೂ ಎಸೆಯಿರಿ. ಹರಡಿಟ್ಟಿದ್ದ ತಟ್ಟೆ ಲೋಟಗಳನ್ನು, ಬಳಸದಿದ್ದರೂ ಸರಿ, ತೊಳೆಯಲು ಕಳುಹಿಸಿ.
4. ವಾಂತಿಯ ಮೇಲೆ ಪೇಪರ್ ಟವೆಲ್ ಹೊದಿಸಿ, ಹೀರಲು ಬಿಡಿ. ರಟ್ಟಿನ ತುಂಡಿನಿಂದ ಅಂಚಿನಿಂದ ನಡುವಿಗೆ ಗೋರಿ ಚೀಲಕ್ಕೆ ಹಾಕಿ. ನಡುವಿನಿಂದ ಹೊರಕ್ಕೆ ತಳ್ಳಿದರೆ ಕೊಳೆ ಹರಡುತ್ತದೆ.
5. ಸೋಪು ನೀರಿನಿಂದ ತೊಳೆಯಿರಿ. ಬಳಿಕ 5000 ಪಿಪಿಎಂ ಬ್ಲೀಚ್ ಹಚ್ಚಿ 5 ನಿಮಿಷ ಬಿಡಿ, ಆಮೇಲೆ ನೀರಿನಿಂದ ಒರೆಸಿ. ಹತ್ತಿರದ ಕುರ್ಚಿಯ ಕಾಲು, ಮೇಜಿನ ಅಡಿಭಾಗ, ಮೆನು ಕಾರ್ಡ್ ಮರೆಯಬೇಡಿ.
6. ಕೈಗವಸನ್ನು ಒಳಗಿನದು ಹೊರಗಾಗುವಂತೆ ತೆಗೆದು, ಎಲ್ಲವನ್ನೂ ಜೋಡಿ ಚೀಲದಲ್ಲಿ ಕಟ್ಟಿ ಎಸೆಯಿರಿ.
7. ಸೋಪು, ನೀರಿನಿಂದ ಕೈ ತೊಳೆಯಿರಿ. ಇಲ್ಲಿ ಸ್ಯಾನಿಟೈಸರ್ ಹೆಸರೇ ಎತ್ತಬೇಡಿ.

ವ್ಯಾಕ್ಯೂಮ್ ಕ್ಲೀನರ್ ಬಳಸಲೇಬೇಡಿ, ಅದು ವೈರಾಣುವನ್ನು ಗಾಳಿಗೆ ತೂರುತ್ತದೆ. ಕಾರ್ಪೆಟ್ ಅಥವಾ ಮೆತ್ತನೆಯ ಕುರ್ಚಿಯಾದರೆ ಹಬೆಯ ಯಂತ್ರದಿಂದ 70 ಡಿಗ್ರಿ ಸೆಲ್ಸಿಯಸ್‌ನಲ್ಲಿ 5 ನಿಮಿಷ ಕಾಯಿಸಬೇಕು. ಕೊಳೆಯಾದ ಬಟ್ಟೆಯನ್ನು ಕೊಡವದೆ, ಬೇರೆಯಾಗಿ, ಆದಷ್ಟು ಬಿಸಿ ನೀರಿನಲ್ಲಿ ಒಗೆಯಿರಿ.

## ಹಂತ 8: ಆಹಾರದ ಕಡೆಗೂ ಗಮನ

ಹಸಿಯಾಗಿ ತಿನ್ನುವ ಸೊಪ್ಪು, ಹಣ್ಣುಗಳನ್ನು ಹರಿಯುವ ನೀರಿನಲ್ಲಿ ತೊಳೆಯಿರಿ. ಚಿಪ್ಪಿನ ಜೀವಿಗಳನ್ನು ಪೂರ್ತಿ ಬೇಯಿಸಿ. ಚಿಪ್ಪು ಬಾಯಿ ಬಿಟ್ಟೊಡನೆ ಇಳಿಸುವ ಪದ್ಧತಿ ಇಲ್ಲಿ ನಡೆಯದು, ಏಕೆಂದರೆ ಈ ವೈರಾಣು 60 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನ ಬಿಸಿಯನ್ನೂ ತಾಳಬಲ್ಲದು. ಬೇಯಿಸಿ ಮುಗಿದ ಮೇಲೆ ಸೋಂಕಿತರ ಕೈ ತಾಗಿದರೆ ಬೇಯಿಸಿದ್ದಕ್ಕೆ ಅರ್ಥವಿಲ್ಲ.

## ಹಂತ 9: ಕೈಮೀರುವ ಮುನ್ನ ಗುರುತಿಸಿ

ಒಂದೇ ದಿನ ಇಬ್ಬರು ಸಿಬ್ಬಂದಿ ಹೊಟ್ಟೆ ಕೆಟ್ಟು ರಜೆ ಕೇಳಿದರೆ ಅದನ್ನು ಕಾಕತಾಳೀಯ ಎಂದುಕೊಳ್ಳಬೇಡಿ. ಒಬ್ಬರನ್ನೊಬ್ಬರು ಅರಿಯದ ಎರಡು ಗುಂಪಿನ ಗ್ರಾಹಕರು ಒಂದೆರಡು ದಿನದೊಳಗೆ ಫೋನ್ ಮಾಡಿ ವಾಂತಿಯ ಮಾತೆತ್ತಿದರೆ ಅಂತೂ ಖಂಡಿತ ಅಲ್ಲ. "ನಮ್ಮಲ್ಲಿ ಹಾಗೆ ಆಗುವುದೇ ಇಲ್ಲ" ಎಂದು ವಾದಿಸುವ ಬದಲು ನೋಟ್‌ಬುಕ್ ತೆಗೆಯಿರಿ. ಕಾಯಿಲೆ ಶುರುವಾದ ದಿನ ಮತ್ತು ಗಂಟೆ, ಏನು ತಿಂದರು, ಎಷ್ಟು ಹೊತ್ತಿಗೆ, ಜೊತೆಗೆ ಎಷ್ಟು ಜನ, ಅವರಲ್ಲಿ ಯಾರಿಗೆ ಆಗಿಲ್ಲ, ಎಲ್ಲವನ್ನೂ ಬರೆದುಕೊಳ್ಳಿ.

ಹೆಚ್ಚಿನವರು ತಾವು ಕಡೆಯದಾಗಿ ತಿಂದದ್ದನ್ನೇ ದೂರುತ್ತಾರೆ. ಆದರೆ ವೈರಾಣು ಒಳಹೊಕ್ಕ 12ರಿಂದ 48 ಗಂಟೆಗಳ ನಂತರ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಹಿಂದಿನ ಎರಡು ದಿನದ ಊಟವನ್ನೂ ಆ ದಿನಗಳಲ್ಲಿ ಯಾರು ಯಾವ ಕೆಲಸದಲ್ಲಿದ್ದರು ಎಂಬುದನ್ನೂ ಗುರುತು ಹಾಕಿಕೊಳ್ಳಿ.

ಅನುಮಾನ ಬಂದ ಆಹಾರವನ್ನು ಬಡಿಸುವುದು ನಿಲ್ಲಿಸಿ, ಆದರೆ ಎಸೆಯಬೇಡಿ. ಡಬ್ಬಕ್ಕೆ ಹಾಕಿ, "ಬಳಸಬಾರದು" ಎಂದು ಬರೆದು, ದಿನಾಂಕ ಹಾಕಿ ಫ್ರಿಜ್‌ನಲ್ಲಿ ಪ್ರತ್ಯೇಕ ಇಡಿ. ಆರೋಗ್ಯ ಇಲಾಖೆಗೆ ನೀವೇ ಮೊದಲು ತಿಳಿಸಿ. ಅವರು ಬಂದಾಗ ಕೇಳುವುದು ಆ ಡಬ್ಬ, ಆ ನೋಟ್‌ಬುಕ್ ಮತ್ತು ಕಳೆದ ವಾರದ ಹಾಜರಿ ಪಟ್ಟಿ. ಮೂರನ್ನೂ ಒಂದೇ ಕಡೆ ಇಟ್ಟಿರಿ.